ಮೇಲೇರದ ಹೆಡ್‌ರೆಸ್ಟ್

ಕಾರಿನಲ್ಲಿ ಹೆಸರೇ ದಾರಿ ತಪ್ಪಿಸುವ ಭಾಗವೊಂದಿದ್ದರೆ ಅದು ಹೆಡ್‌ರೆಸ್ಟ್. ರೆಸ್ಟ್ ಎಂದಕೂಡಲೇ ತಲೆ ಒರಗಿಸಿ ಕಣ್ಣು ಮುಚ್ಚುವ ಸುಖ ನೆನಪಾಗುತ್ತದೆ. ಕಾರು ತಯಾರಕರ ಕಾಗದಪತ್ರಗಳಲ್ಲಿ ಅದಕ್ಕೆ ಹೆಡ್ ರಿಸ್ಟ್ರೈಂಟ್ ಎನ್ನುತ್ತಾರೆ. ತಲೆ ಹಿಂದಕ್ಕೆ ಹೋಗದಂತೆ ತಡೆದು ಹಿಡಿಯುವ ಸಾಧನ ಎಂದರ್ಥ. ಅಮೆರಿಕದಲ್ಲಿ 1969ರ ಜನವರಿ 1ರಿಂದ ತಯಾರಾದ ಕಾರುಗಳ ಮುಂದಿನ ಸೀಟುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ಸುಖಕ್ಕಾಗಿ ಅಲ್ಲ, ಕುತ್ತಿಗೆ ಉಳಿಸುವುದಕ್ಕಾಗಿ.

ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಏನಾಗುತ್ತದೆ ನೋಡಿ. ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಇವೆರಡರ ನಡುವೆ ಸಿಕ್ಕಿಬೀಳುವುದು ಕುತ್ತಿಗೆ. ಮೊದಲು ಹಾವಿನಂತೆ ಎರಡು ಬಾಗು ಬಾಗಿ, ಆಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿರುತ್ತದೆ. ತಲೆಯ ಹಿಂದೆ ಸರಿಯಾದ ಎತ್ತರಕ್ಕೆ ಹೆಡ್‌ರೆಸ್ಟ್ ಇದ್ದರೆ ತಲೆಯೂ ಬೆನ್ನೂ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ. ಅದು ಕುತ್ತಿಗೆಯ ಮಟ್ಟಕ್ಕೆ ಇಳಿದು ಕೂತಿದ್ದರೆ ತಡೆಯುವ ಬದಲು ಮೀಟುಗೋಲಿನ ಆಧಾರದಂತೆ ಕೆಲಸ ಮಾಡಿ ತಲೆಯನ್ನು ತನ್ನ ಮೇಲಿಂದ ಹಿಂದಕ್ಕೆ ಬಾಗಿಸಬಹುದು. ಸಾಬ್ ಕಂಪನಿ 1997ರಲ್ಲಿ, ವೋಲ್ವೋ 1998ರಲ್ಲಿ ಗುದ್ದಿದ ಕ್ಷಣದಲ್ಲಿ ತಾವಾಗಿಯೇ ಕುತ್ತಿಗೆಯನ್ನು ಕಾಯುವ ಸೀಟುಗಳನ್ನು ಮಾರುಕಟ್ಟೆಗೆ ತಂದದ್ದೂ ಇದೇ ಕಾರಣಕ್ಕೆ.

ಇಷ್ಟು ಪೀಠಿಕೆ ಯಾಕೆಂದರೆ, ಈ ಸಲದ ರಿಪೇರಿ ಶೋಕಿಯ ರಿಪೇರಿಯಂತೆ ಕಾಣುತ್ತದೆ. ಸ್ವಿಚ್ ಒತ್ತಿದರೆ ಹೆಡ್‌ರೆಸ್ಟ್ ಮೇಲೆ ಕೆಳಗೆ ಓಡಾಡುವ ಹಳೆಯ ಐಷಾರಾಮಿ ಕಾರು ನಮ್ಮದು. ಮೊದಲ ಒಡೆಯರು ಬಹುಶಃ ಕುಳ್ಳಗಿದ್ದರು. ನಮ್ಮ ಮನೆಗೆ ಬರುವ ಹೊತ್ತಿಗೆ ಡ್ರೈವರ್ ಸೀಟಿನ ಹೆಡ್‌ರೆಸ್ಟ್ ತೀರಾ ಕೆಳಗೆ ಕೂತು ಹಟ ಹಿಡಿದಿತ್ತು. ಈಗ ಆರಡಿ ಎತ್ತರದ ಮಗನಿಗೆ ಲೈಸೆನ್ಸ್ ಬಂದಿದೆ. ಅವನು ಕೂತರೆ ಹೆಡ್‌ರೆಸ್ಟಿನ ಮೇಲಂಚು ಅವನ ಕುತ್ತಿಗೆಗೆ ಬರುತ್ತದೆ. ಅವನು ದಿನಾ ಓಡಿಸುವುದು ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ. 158 ಕಿಲೋಮೀಟರಿನ ಆ ರಸ್ತೆಯ ವೇಗದ ಪಥಗಳಲ್ಲಿ ಗಂಟೆಗೆ 120 ಕಿ.ಮೀ. ತನಕ ಅನುಮತಿ ಇದೆ. ಮುಂದಿನವನು ಥಟ್ಟನೆ ಬ್ರೇಕ್ ಒತ್ತಿದರೆ ನಾವು ನಿಲ್ಲಿಸಬಹುದು. ಹಿಂದಿನವನೂ ನಿಲ್ಲಿಸುತ್ತಾನೆಂಬ ಭರವಸೆ ಏನು?

ನಮ್ಮ ಅಪಾರ್ಟ್‌ಮೆಂಟಿನ ಗೆಳೆಯರೊಬ್ಬರು ಒಂದು ದಿಂಬು ಕಟ್ಟಿಬಿಡಿ ಎಂದರು. ಕುತ್ತಿಗೆಗೆ ಕಟ್ಟುವ ಮೆತ್ತನೆ ದಿಂಬು ಹೆಡ್‌ರೆಸ್ಟಿನ ಎತ್ತರವನ್ನು ಹೆಚ್ಚಿಸುವುದಿಲ್ಲ. ಬೆನ್ನು ಸೀಟಿಗೆ ಒರಗದಂತೆ ಮುಂದಕ್ಕೆ ತಳ್ಳಿ ತಲೆಯ ಹಿಂದಿನ ಜಾಗವನ್ನು ಇನ್ನಷ್ಟು ಖಾಲಿ ಬಿಡುತ್ತದೆ. ಇನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದರೆ, ಈ ಭಾಗ ಬಿಡಿಯಾಗಿ ಬರುವುದಿಲ್ಲ, ಸೀಟಿನ ಬೆನ್ನಿನ ಇಡೀ ಚೌಕಟ್ಟನ್ನೇ ತರಿಸಬೇಕು ಎಂದರು. ಬೆಲೆ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಕಾರನ್ನು ಕೊಂಡದ್ದೇ ಮೂರು ಲಕ್ಷಕ್ಕೆ.

ಇಂಥ ಕಾರುಗಳು ನಮ್ಮ ಬೀದಿಗೆ ಬಂದು ಈಗ ಮೂವತ್ತು ವರ್ಷ ದಾಟಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಶುರುವಾದಾಗ ನೋಡಲು ಜನ ಸೇರುತ್ತಿದ್ದರು. ಆ ಕಂಪನಿಯ ಸೀಟಿನ ಸ್ವಿಚ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ವಿಚ್ಚೇ ಪುಟ್ಟ ಸೀಟಿನ ಆಕಾರದಲ್ಲಿದೆ. ಆ ಪುಟ್ಟ ಸೀಟಿನ ಬೆನ್ನನ್ನು ತಳ್ಳಿದರೆ ನಿಜ ಸೀಟಿನ ಬೆನ್ನು ಬಾಗುತ್ತದೆ, ಕೂರುವ ಭಾಗದ ಮುಂದಂಚನ್ನು ಎತ್ತಿದರೆ ನಿಜ ಸೀಟಿನ ಮುಂದಂಚು ಏಳುತ್ತದೆ. ವಸ್ತುಗಳು ಹೇಗಿರಬೇಕು ಎಂಬುದರ ಬಗ್ಗೆ ಡೊನಾಲ್ಡ್ ನಾರ್ಮನ್ 1988ರಲ್ಲಿ ಬರೆದ ಹೆಸರಾಂತ ಪುಸ್ತಕದಲ್ಲಿ ಒಳ್ಳೆಯ ವಿನ್ಯಾಸಕ್ಕೆ ಈ ಸ್ವಿಚ್ಚನ್ನೇ ಉದಾಹರಣೆ ಕೊಟ್ಟಿದ್ದಾರೆ. ಬೆರಳಿಗೆ ಇಷ್ಟು ಸುಲಭವಾದದ್ದರ ಹಿಂದೆ, ಸೀಟಿನ ಹೊಟ್ಟೆಯೊಳಗೆ ಏನೇನಿದೆ ಎಂದು ನೋಡೋಣ.

ಮಿಕ್ಸಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಸೀಟಿನ ಬೆನ್ನಿನೊಳಗೆ ಒಂದು ಸಣ್ಣ 12 ವೋಲ್ಟಿನ ಮೋಟರ್. ಸ್ವಿಚ್ಚನ್ನು ಒಂದು ಕಡೆ ಒತ್ತಿದರೆ ಕರೆಂಟು ಒಂದು ದಿಕ್ಕಿನಲ್ಲಿ ಹರಿದು ಮೋಟರ್ ಬಲಕ್ಕೆ ತಿರುಗುತ್ತದೆ; ಇನ್ನೊಂದು ಕಡೆ ಒತ್ತಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಎಡಕ್ಕೆ ತಿರುಗುತ್ತದೆ. ಮೋಟರಿನಿಂದ ಹೆಡ್‌ರೆಸ್ಟಿನ ಹತ್ತಿರದ ಗಿಯರ್ ಪೆಟ್ಟಿಗೆಗೆ ಬಾಗುವ ಕೇಬಲ್ ಒಂದು ಹೋಗುತ್ತದೆ. ಹಳೆಯ ಸ್ಕೂಟರಿನ ಸ್ಪೀಡೋಮೀಟರ್ ಕೇಬಲ್ ನೋಡಿದ್ದೀರಲ್ಲ, ಥೇಟ್ ಅದೇ. ಹೊರಗೆ ಔಟರ್, ಒಳಗೆ ಸುತ್ತುವ ಇನ್ನರ್, ಇನ್ನರಿನ ಎರಡು ತುದಿ ಚೌಕ. ಗಿಯರ್ ಪೆಟ್ಟಿಗೆಯೊಳಗೆ ಸ್ಕ್ರೂನಂಥ ವರ್ಮ್, ಅದಕ್ಕೆ ಕಚ್ಚಿಕೊಂಡ ಹಲ್ಲಿನ ಚಕ್ರ. ಆ ಚಕ್ರ ಉದ್ದದ ತಿರುಪಿನ ಸರಳೊಂದನ್ನು ತಿರುಗಿಸುತ್ತದೆ. ಸರಳಿನ ಮೇಲೆ ಕೂತ ನಟ್ ಮೇಲಕ್ಕೋ ಕೆಳಕ್ಕೋ ಸರಿಯುತ್ತ ಹೆಡ್‌ರೆಸ್ಟಿನ ಎರಡೂ ಕಾಲುಗಳನ್ನು ಹೊತ್ತೊಯ್ಯುತ್ತದೆ.

ವರ್ಮ್ ಹಾಕಿರುವುದರಲ್ಲಿ ಒಂದು ಜಾಣತನ ಇದೆ. ವರ್ಮ್ ಚಕ್ರವನ್ನು ತಿರುಗಿಸಬಲ್ಲದು. ಚಕ್ರದಿಂದ ವರ್ಮನ್ನು ತಿರುಗಿಸಲು ಆಗದು. ಹಾಗಾಗಿ ನೀವು ಹೆಡ್‌ರೆಸ್ಟನ್ನು ಕೈಯಿಂದ ಎಷ್ಟು ಒತ್ತಿದರೂ ಅದು ಇಳಿಯುವುದಿಲ್ಲ. ಬೇರೆ ಬೀಗ ಬೇಕಿಲ್ಲ. ಈ ಮಾತು ನೆನಪಿರಲಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ರೋಗ ಯಾವುದೆಂದು ತಿಳಿಯಲು ಮೊದಲು ಬೇಕಾದದ್ದು ಕಿವಿ. ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು, ಫ್ಯಾನು ರೇಡಿಯೋ ನಿಲ್ಲಿಸಿ, ಸೀಟಿನ ಬೆನ್ನಿಗೆ ಕಿವಿ ಇಟ್ಟು ಸ್ವಿಚ್ ಒತ್ತಿಸಿ.

ಸದ್ದೇ ಇಲ್ಲವೇ? ಫ್ಯೂಸ್, ಸ್ವಿಚ್, ವೈರು, ಇಲ್ಲವೇ ಮೋಟರ್, ಇದೇ ಕ್ರಮದಲ್ಲಿ ನೋಡಿ. ಸೀಟು ಹಿಂದೆ ಮುಂದೆ ಸರಿಯುವಾಗಲೆಲ್ಲ ಅದರಡಿಯ ವೈರುಗಳು ಮಡಚಿ ಬಿಚ್ಚಿ ಆಗುತ್ತವೆ. ವರ್ಷಗಳು ಕಳೆದಂತೆ ಒಳಗಿನ ತಾಮ್ರದ ಎಳೆ ಹರಿದು, ಹೊರಗೆ ಪ್ಲಾಸ್ಟಿಕ್ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಮೋಟರಿನ ಪ್ಲಗ್‌ನಲ್ಲಿ ಮಲ್ಟಿಮೀಟರ್ ಇಟ್ಟು ಸ್ವಿಚ್ ಒತ್ತಿದಾಗ 12 ವೋಲ್ಟ್ ಬಂದರೆ ವೈರು ಸರಿ, ಮೋಟರ್ ಹೋಗಿದೆ. ಬರದಿದ್ದರೆ ಮೋಟರ್ ನಿರಪರಾಧಿ.

ಟಕ್ ಎಂದು ಸದ್ದು ಬಂದು ನಿಂತುಬಿಡುತ್ತದೆಯೇ? ಮೋಟರಿಗೆ ಜೀವ ಇದೆ, ದಾರಿ ಕಟ್ಟಿದೆ. ಗ್ರೀಸ್ ಒಣಗಿ ಅಂಟಾಗಿರಬಹುದು, ಹೆಡ್‌ರೆಸ್ಟಿನ ಕಾಲು ಸೊಟ್ಟಗಾಗಿರಬಹುದು, ಅಥವಾ ಸೀಟ್ ಕವರ್ ಹೊಲಿಸುವಾಗ ಬಟ್ಟೆ ಸಿಕ್ಕಿಕೊಂಡಿರಬಹುದು. ಇಲ್ಲಿ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ. ತಿರುಗದೆ ನಿಂತ ಮೋಟರ್ ಬಿಸಿಯಾಗುತ್ತದೆ. ಎಷ್ಟೋ ಮೋಟರುಗಳಲ್ಲಿ ಬಿಸಿಯಾದಾಗ ತಾನಾಗಿ ಕರೆಂಟು ಕಡಿಯುವ ವ್ಯವಸ್ಥೆ ಇರುತ್ತದೆ. ಆಗ ಪೂರ್ತಿ ಸತ್ತಂತೆ ತೋರುತ್ತದೆ. ಕೆಲವು ನಿಮಿಷ ತಣ್ಣಗಾಗಲು ಬಿಟ್ಟರೆ ಮತ್ತೆ ಏಳುತ್ತದೆ.

ಮೂರನೆಯದು ನಮ್ಮ ಕಾರಿನದ್ದು. ಮೋಟರ್ ಗುಯ್ ಎಂದು ಖುಷಿಯಾಗಿ ತಿರುಗುತ್ತದೆ, ಹೆಡ್‌ರೆಸ್ಟ್ ಅಲುಗುವುದೇ ಇಲ್ಲ. ಮಿಕ್ಸಿಯ ಕಪ್ಲರ್ ಸವೆದಾಗ ಮೋಟರ್ ಅರಚುತ್ತಿದ್ದರೂ ಜಾರಿನೊಳಗಿನ ಚಟ್ನಿ ಸುಮ್ಮನೆ ಕೂತಿರುತ್ತದಲ್ಲ, ಹಾಗೆ. ಮೋಟರಿಗೂ ಹೆಡ್‌ರೆಸ್ಟಿಗೂ ನಡುವೆ ಎಲ್ಲೋ ಸಂಬಂಧ ಕಡಿದಿದೆ.

ನಾನು ಕಾರನ್ನು ಒಯ್ದದ್ದು ಹುಮನಾಬಾದ್ ಕಡೆಯ ಉಸ್ತಾದ್ ಒಬ್ಬರ ಗ್ಯಾರೇಜಿಗೆ. ಗಿರಾಕಿಗಳ ಜೊತೆ ದಖನಿ, ಹುಡುಗರ ಜೊತೆ ತೆಲುಗು, ನನ್ನ ಜೊತೆ ಬೀದರ್ ಕನ್ನಡ. ಸೀಟಿನ ಬೆನ್ನಿಗೆ ಅಂಗೈ ಇಟ್ಟು ಎರಡು ಸಲ ಸ್ವಿಚ್ ಒತ್ತಿಸಿ ಹೇಳಿದರು: "ಮೋಟರ್ ಜಿಂದಾ ಅದರಿ ಸರ. ಅದರ ಕೈ ಜಾರ್ಯಾದ."

ಬಿಚ್ಚುವ ಮೊದಲು ಅವರು ಮಾಡಿದ ಮೊದಲ ಕೆಲಸ ಬಾನೆಟ್ ತೆರೆದು ಬ್ಯಾಟರಿಯ ನೆಗೆಟಿವ್ ಕಳಚಿದ್ದು. ಆಮೇಲೆ ಚಹಾ ತರಿಸಿದರು. ಆ ಚಹಾ ರಿಪೇರಿಯ ಒಂದು ಭಾಗ. ಈ ಕಾಲದ ಸೀಟುಗಳಲ್ಲಿ ಬಾಗಿಲಿನ ಕಡೆಯ ಬದಿಯೊಳಗೆ ಏರ್‌ಬ್ಯಾಗ್ ಇರುತ್ತದೆ, ಹಳದಿ ಬಣ್ಣದ ಪ್ಲಗ್ಗಿನಿಂದ ಅದನ್ನು ಗುರುತಿಸಬಹುದು. ಬ್ಯಾಟರಿ ಕಳಚಿದ ಮೇಲೂ ಅದರ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಹತ್ತು ಹದಿನೈದು ನಿಮಿಷ ಕಾಯದೆ ಕೈ ಹಾಕಬಾರದು. ಹಳದಿ ಪ್ಲಗ್ಗಿಗೆ ಮಲ್ಟಿಮೀಟರ್ ಮುಟ್ಟಿಸಲೇಬಾರದು. ಮೀಟರಿನಿಂದ ಹರಿಯುವ ಸಣ್ಣ ಕರೆಂಟೂ ಅಲ್ಲಿ ಅಪಾಯ. ಆ ಪ್ಲಗ್ ಬಿಚ್ಚಿದ್ದಾಗ ಇಗ್ನಿಷನ್ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿ, ಸ್ಕ್ಯಾನರ್ ಹಾಕಿ ಅಳಿಸುವ ತನಕ ಆರದು. ಆದ್ದರಿಂದ ಮೇಲೆ ಹೇಳಿದ ಕರೆಂಟಿನ ಪರೀಕ್ಷೆಗಳನ್ನೆಲ್ಲ ಏರ್‌ಬ್ಯಾಗಿನ ಪ್ಲಗ್ ಅದರ ಜಾಗದಲ್ಲೇ ಇರುವಾಗ ಮುಗಿಸಿಕೊಳ್ಳಬೇಕು. ನಿಮ್ಮ ಮೆಕ್ಯಾನಿಕ್ ಈ ಏರ್‌ಬ್ಯಾಗ್ ವಿಷಯ ಎತ್ತದೆ ನೇರ ಸ್ಕ್ರೂಡ್ರೈವರ್ ಹಿಡಿದರೆ ನಮಸ್ಕಾರ ಹೇಳಿ ಬನ್ನಿ.

ಸೀಟಿನ ಹಿಂದಿನ ಹಲಗೆ ಕ್ಲಿಪ್ಪುಗಳಲ್ಲಿ ನಿಂತಿರುತ್ತದೆ. ಇಪ್ಪತ್ತು ಬೇಸಿಗೆ ಕಂಡ ಪ್ಲಾಸ್ಟಿಕ್ ಕ್ಲಿಪ್ಪು ಹಪ್ಪಳದಂತೆ ಮುರಿಯುತ್ತದೆ. ಹೈದರಾಬಾದಿನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಉಸ್ತಾದ್ ಲೋಹದ ಉಪಕರಣ ಬಿಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದೇ ಕ್ಲಿಪ್ಪನ್ನು ಎಬ್ಬಿಸಿದರು. ಹಲಗೆ ಬಂದಾಗ ಒಳಗೆ ಮೋಟರ್, ಕಪ್ಪು ಕೇಬಲ್, ಮೇಲುಗಡೆ ಬೆಂಕಿಪೊಟ್ಟಣದಷ್ಟು ಗಿಯರ್ ಪೆಟ್ಟಿಗೆ ಕಂಡವು.

ತೊಂದರೆ ಎರಡಿತ್ತು. ಮೊದಲನೆಯದು ಕೇಬಲ್. ವಯಸ್ಸಾದಂತೆ ಔಟರಿಗೂ ಇನ್ನರಿಗೂ ಇದ್ದ ಉದ್ದದ ಲೆಕ್ಕ ತಪ್ಪಿ, ಇನ್ನರಿನ ಚೌಕ ತುದಿ ಮೋಟರಿನ ಕುಣಿಯೊಳಗೆ ಮೊದಲಿನಷ್ಟು ಆಳ ಕೂರುತ್ತಿರಲಿಲ್ಲ. ಅಂಚಿನಲ್ಲಿ ಮಾತ್ರ ಹಿಡಿದುಕೊಂಡು, ಜಾರಿ ಜಾರಿ ಮೂಲೆಗಳು ದುಂಡಗಾಗಿದ್ದವು. ಇದಕ್ಕೆ ಹಣದ ಖರ್ಚಿಲ್ಲ. ಔಟರಿನ ತುದಿಯನ್ನು ಕೆಲವು ಮಿಲಿಮೀಟರ್ ಕತ್ತರಿಸಿದರೆ ಇನ್ನರ್ ಅಷ್ಟು ಹೊರಬಂದು ಕುಣಿಯೊಳಗೆ ಪೂರ್ತಿ ಕೂರುತ್ತದೆ. ಒಮ್ಮೆಗೇ ಹೆಚ್ಚು ಕತ್ತರಿಸಬಾರದು. ಸ್ವಲ್ಪ ಕತ್ತರಿಸಿ, ಕೂರಿಸಿ ನೋಡಿ, ಮತ್ತೆ ಸ್ವಲ್ಪ. ದುಂಡಗಾದ ತುದಿಯನ್ನು ಇನ್ನೊಂದು ಕಡೆಗೆ ತಿರುಗಿಸಿ ಹಾಕಿದರೆ ಹೊಸ ಮೂಲೆಗಳು ಸಿಗುವ ಕೇಬಲ್‌ಗಳೂ ಇವೆ.

ಎರಡನೆಯದು ಗಿಯರ್ ಪೆಟ್ಟಿಗೆಯೊಳಗಿನ ನೈಲಾನ್ ಚಕ್ರ. ಪಕ್ಕಪಕ್ಕದ ನಾಲ್ಕು ಹಲ್ಲು ನೆಲಸಮ. ಉಳಿದವು ಹೊಸದರಂತೆ. ಹೆಡ್‌ರೆಸ್ಟ್ ತುದಿ ಮುಟ್ಟಿದ ಮೇಲೂ ಯಾರೋ ಸ್ವಿಚ್ ಒತ್ತಿಹಿಡಿದ ಗುರುತು ಅದು.

ಇಂಥ ಚಕ್ರಕ್ಕೆ ಎರಡು ದಾರಿ. ಒಂದು, ಅದೇ ಮಾದರಿಯ ಗುಜರಿ ಕಾರಿನ ಸೀಟು ಹುಡುಕುವುದು. ವಿಜಯವಾಡ ಹೆದ್ದಾರಿಯ ಆಟೋನಗರದಲ್ಲಿ ಎರಡು ಭಾನುವಾರ ಅಲೆದೆ. ಒಂದು ಸೀಟು ಸಿಕ್ಕಿತು. ಅದರ ಚಕ್ರವೂ ಅಷ್ಟೇ ಮುದಿ. ಒಂದೇ ಕಾರ್ಖಾನೆಯಲ್ಲಿ ಒಂದೇ ಕಾಲಕ್ಕೆ ಹುಟ್ಟಿದ ಪ್ಲಾಸ್ಟಿಕ್ಕಿಗೆ ಆಯಸ್ಸೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ದಾರಿ, ಹೊಸದಾಗಿ ಕಡಿಸುವುದು.

ಅದಕ್ಕೆ ಹೈದರಾಬಾದಿನಷ್ಟು ಒಳ್ಳೆಯ ಊರು ಕಡಿಮೆ. ಬಾಲಾನಗರದಲ್ಲಿ ಸಾಲು ಸಾಲು ಸಣ್ಣ ಶೆಡ್ಡುಗಳಿವೆ. ಲೇತ್, ಮಿಲ್ಲಿಂಗ್, ಗಿಯರ್ ಕಟಿಂಗ್ ಎಲ್ಲ ಜಾಬ್‌ವರ್ಕ್ ಲೆಕ್ಕದಲ್ಲಿ ನಡೆಯುತ್ತದೆ. ಉಪಕರಣ ವಿನ್ಯಾಸ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಐಟಿಡಿ 1968ರಿಂದ ಇರುವುದೂ ಅಲ್ಲೇ. ನಾನು ಹೋದ ಶೆಡ್ಡಿನವರು ಮುರಿದ ಚಕ್ರವನ್ನು ವರ್ನಿಯರಿನಲ್ಲಿ ಅಳೆದು, ಉಗುರಿನಿಂದ ಹಲ್ಲು ಎಣಿಸಿದರು. ನೀವೂ ಈ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಸಾದಾ ನೇರ ಹಲ್ಲಿನ ಗಿಯರಿಗೆ ಹೊರವ್ಯಾಸವನ್ನು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಬರುತ್ತದೆ. 24 ಹಲ್ಲು, 13 ಮಿ.ಮೀ. ವ್ಯಾಸವಾದರೆ 13 ಭಾಗ 26, ಅಂದರೆ ಅರ್ಧ ಮಾಡ್ಯೂಲ್. ವರ್ಮಿಗೆ ಕಚ್ಚುವ ಚಕ್ರದ ಹಲ್ಲು ಓರೆಯಾಗಿರುವುದರಿಂದ ಅಲ್ಲಿ ಈ ಲೆಕ್ಕ ಅಂದಾಜು ಮಾತ್ರ. ಮುರಿದ ಚಕ್ರದ ಜೊತೆಗೆ ಅದರ ವರ್ಮನ್ನೂ ಒಯ್ಯಬೇಕು. ಆದ್ದರಿಂದ ಎಷ್ಟೇ ಮುರಿದಿರಲಿ, ಹಳೆಯ ತುಂಡನ್ನು ಎಸೆಯಬೇಡಿ. ಅದೇ ನಕ್ಷೆ.

ಶೆಡ್ಡಿನವರು ಹಿತ್ತಾಳೆಯಲ್ಲಿ ಮಾಡಿಸಿ, ಜನ್ಮಕ್ಕೂ ಸವೆಯುವುದಿಲ್ಲ ಎಂದರು. ಕೇಳಲು ಚೆನ್ನಾಗಿತ್ತು. ಫೋನಿನಲ್ಲಿ ಉಸ್ತಾದರನ್ನು ಕೇಳಿದೆ.

"ಬ್ಯಾಡ್ರಿ ಸರ," ಅಂದರು. "ಇದು ಮುರೀಲಿಲ್ಲಂದ್ರ ಮುಂದಿಂದು ಮುರೀತದ. ಮುಂದಿಂದು ಸಿಗಂಗಿಲ್ಲ."

ಈ ರಿಪೇರಿಯಲ್ಲಿ ನಾನು ಕೇಳಿದ ಅತ್ಯಂತ ಬೆಲೆಬಾಳುವ ಮಾತು ಇದು. ಮಿಕ್ಸಿಯ ಕಪ್ಲರ್ ಮೆತ್ತಗಿರುವುದು ಕಂಪನಿಯವರ ಜಿಪುಣತನವಷ್ಟೇ ಎಂದು ನಾವು ಬೈಯುತ್ತೇವೆ. ಜಾರಿನಲ್ಲಿ ಅರಿಶಿನದ ಕೊನೆ ಸಿಕ್ಕಿಕೊಂಡಾಗ ಮೋಟರ್ ಸುಡುವ ಬದಲು ಆ ಚೂರು ಮುರಿಯಲಿ ಎಂಬ ಲೆಕ್ಕವೂ ಅದರಲ್ಲಿದೆ. ಇಲ್ಲಿಯೂ ಅಷ್ಟೇ. ನೈಲಾನ್ ಚಕ್ರ ಸದ್ದು ಮಾಡುವುದಿಲ್ಲ ಎಂಬುದು ಒಂದು ಲಾಭ. ಎಲ್ಲೋ ಸಿಕ್ಕಿಕೊಂಡಾಗ ತಾನು ಸತ್ತು ವರ್ಮ್, ತಿರುಪಿನ ಸರಳು, ಮೋಟರ್ ಮೂರನ್ನೂ ಉಳಿಸುತ್ತದೆ ಎಂಬುದು ಇನ್ನೊಂದು. ಎಲ್ಲಕ್ಕಿಂತ ದುರ್ಬಲ ಭಾಗ ಯಾವುದಾಗಿರಬೇಕೆಂಬುದನ್ನು ಯಂತ್ರ ಮಾಡಿದವರು ಯೋಚಿಸಿಯೇ ಇಟ್ಟಿರುತ್ತಾರೆ. ರಿಪೇರಿ ಮಾಡುವವರು ಅದನ್ನು ಬಲಪಡಿಸಿದರೆ ದುರ್ಬಲತೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಬದಲಿಸಿ ಹೋಗಿ ಕೂರುವ ಜಾಗ ಸಿಗದ, ಕಡಿಸಲಾಗದ, ದುಬಾರಿ ಭಾಗವೇ ಆಗಿದ್ದರೆ ಕಥೆ ಮುಗಿಯಿತು.

ಡೆಲ್ರಿನ್ ರಾಡಿನಲ್ಲಿ ಕಡಿಸಿದೆ. ಅದೂ ಪ್ಲಾಸ್ಟಿಕ್ಕೇ; ನೈಲಾನಿಗಿಂತ ಕಡಿಮೆ ನೀರು ಹೀರುತ್ತದೆ, ಅಳತೆ ಬೇಗ ಬದಲಾಗುವುದಿಲ್ಲ. ಯಂತ್ರ ಹೊಂದಿಸುವ ಕೂಲಿ ಒಂದಕ್ಕೂ ಎರಡಕ್ಕೂ ಒಂದೇ ಆದ್ದರಿಂದ ಎರಡು ಮಾಡಿಸಿದೆ: 1,200 ರೂಪಾಯಿ. ಉಸ್ತಾದರ ಕೂಲಿ 1,500. ಎರಡನೇ ಚಕ್ರ ಈಗ ಕಾರಿನ ಕಾಗದಪತ್ರಗಳ ಜೊತೆ ಸಣ್ಣ ಪೊಟ್ಟಣದಲ್ಲಿದೆ.

ಗ್ರೀಸಿನ ವಿಷಯ. ಲಾರಿಗೆ ಹಾಕುವ ಗಟ್ಟಿ ಗ್ರೀಸನ್ನು ಇಲ್ಲಿಗೆ ತರಬೇಡಿ. ಪ್ಲಾಸ್ಟಿಕ್ ಗಿಯರಿಗೆ ಹೊಂದುವ ತೆಳ್ಳನೆಯ ಬಿಳಿ ಗ್ರೀಸ್ ಸಿಗುತ್ತದೆ, ಬೆರಳ ತುದಿಯಷ್ಟು ಸಾಕು. ಹಳೆಯ ಅಂಟನ್ನು ಮೊದಲು ಪೂರ್ತಿ ಒರೆಸಬೇಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಇದ್ದ ಗ್ರೀಸನ್ನೂ ಕರಗಿಸಿ ಹರಿಸಿಬಿಡುತ್ತದೆ. ಒಂದು ತಿಂಗಳು ಚೆನ್ನಾಗಿ ಓಡಿ ಆಮೇಲೆ ಒಣಗುತ್ತದೆ.

ಎಲ್ಲ ಕೂಡಿಸಿ, ಹಳದಿ ಪ್ಲಗ್ ಸೇರಿ ಪ್ರತಿಯೊಂದನ್ನೂ ಸಿಕ್ಕಿಸಿ, ಕೊನೆಗೆ ಬ್ಯಾಟರಿ ಜೋಡಿಸಿದೆವು. ಮೆಮೊರಿ ಸೀಟಿನ ಕೆಲವು ಕಾರುಗಳಿಗೆ ಬ್ಯಾಟರಿ ಕಳಚಿದ ಮೇಲೆ ಎಲ್ಲೆ ಮರೆತುಹೋಗುತ್ತದೆ. ಒಮ್ಮೆ ಪೂರ್ತಿ ಮೇಲೆ, ಒಮ್ಮೆ ಪೂರ್ತಿ ಕೆಳಗೆ ಓಡಿಸಿ ಮತ್ತೆ ಕಲಿಸಬೇಕು. ತುದಿ ಮುಟ್ಟಿದ ಕೂಡಲೇ ಬೆರಳು ತೆಗೆಯಿರಿ. ಹೊಸ ಹಲ್ಲುಗಳ ಆಯಸ್ಸು ಆ ಬೆರಳಿನಲ್ಲಿದೆ.

ಕಡಿಸುವ ಶೆಡ್ಡು ಇಲ್ಲದ ಊರಲ್ಲಿದ್ದೀರಿ, ಮೋಟರೇ ಸುಟ್ಟಿದೆ, ಇಲ್ಲವೇ ಇಷ್ಟು ಖರ್ಚು ಬೇಡ ಎನ್ನುತ್ತೀರಾದರೆ ಇನ್ನೊಂದು ದಾರಿ ಇದೆ. ಗಿಯರಿನಲ್ಲಿ ಒಂದಿಷ್ಟು ಹಲ್ಲು ಉಳಿದಿದ್ದರೆ, ಕೇಬಲನ್ನು ಮೋಟರಿನ ಕಡೆ ಕಳಚಿ, ಇನ್ನರನ್ನು ಕೈಯಿಂದಲೋ ನಿಧಾನಕ್ಕೆ ತಿರುಗುವ ಡ್ರಿಲ್ಲಿನಿಂದಲೋ ತಿರುಗಿಸಿ ಹೆಡ್‌ರೆಸ್ಟನ್ನು ಮನೆಯ ಅತಿ ಎತ್ತರದ ಚಾಲಕರಿಗೆ ಬೇಕಾದಷ್ಟು ಏರಿಸಿ ಬಿಟ್ಟುಬಿಡಿ. ವರ್ಮ್ ಹಿಂದಕ್ಕೆ ತಿರುಗುವುದಿಲ್ಲ ಎಂದೆನಲ್ಲ. ಅದು ಅಲ್ಲೇ ನಿಲ್ಲುತ್ತದೆ. ಕುಳ್ಳಗಿರುವವರು ಕೂತಾಗ ಸ್ವಲ್ಪ ಎತ್ತರವಾದೀತು, ಅವರ ತಲೆಯ ಹಿಂದೆ ಮೆತ್ತೆ ಇದ್ದೇ ಇರುತ್ತದೆ. ಓಡಾಡದ ಹೆಡ್‌ರೆಸ್ಟಿನಿಂದ ತೊಂದರೆಯಿಲ್ಲ, ಅದು ತಗ್ಗಿನಲ್ಲಿ ನಿಲ್ಲಬಾರದು ಅಷ್ಟೇ.

15 ವರ್ಷ ತುಂಬಿದ ಕಾರನ್ನು ಇಟ್ಟುಕೊಳ್ಳುವವರು ಪ್ರತಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಆರ್‌ಟಿಒ ಕಚೇರಿಗೆ ಹೋಗುತ್ತೇವೆ. ಬ್ರೇಕು, ದೀಪ, ಹೊಗೆಯ ಬಗ್ಗೆ ನಮಗೆಲ್ಲ ಎಚ್ಚರ ಇದೆ. ಹೆಡ್‌ರೆಸ್ಟಿನ ಎತ್ತರವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಅದಕ್ಕೆ ಮೋಟರಿನ ಕಾರೇ ಬೇಕೆಂದಿಲ್ಲ. ಗುಂಡಿ ಒತ್ತಿ ಕೈಯಿಂದ ಎಳೆಯುವ ಹೆಡ್‌ರೆಸ್ಟುಗಳೂ ಎಷ್ಟೋ ಕಾರುಗಳಲ್ಲಿ ಷೋರೂಮಿನಿಂದ ಬಂದ ದಿನದಂತೆ ತಳದಲ್ಲೇ ಕೂತಿರುತ್ತವೆ.

ಇವತ್ತು ಸಂಜೆ ಕಾರು ಹತ್ತಿದಾಗ ಯಾವಾಗಲೂ ಓಡಿಸುವಂತೆ ಕೂತು, ಪಕ್ಕದಿಂದ ಒಬ್ಬರಿಗೆ ನೋಡಲು ಹೇಳಿ. ಹೆಡ್‌ರೆಸ್ಟಿನ ಮೇಲಂಚು ನಡುನೆತ್ತಿಯ ಮಟ್ಟಕ್ಕೆ ಇರಬೇಕು, ಕಿವಿಗಿಂತ ಕೆಳಗಂತೂ ಇರಲೇಬಾರದು. ತಲೆಗೂ ಅದಕ್ಕೂ ನಡುವೆ ಎರಡು ಬೆರಳಿನ ಜಾಗ ಇದ್ದರೆ ಒಳ್ಳೆಯದು, ನಾಲ್ಕು ಬೆರಳು ದಾಟಬಾರದು. ಸೀಟು ತುಂಬ ಹಿಂದಕ್ಕೆ ಬಾಗಿಸಿಕೊಂಡು ಓಡಿಸುವವರಿಗೆ ಈ ಅಂತರ ತಾನಾಗಿಯೇ ಹೆಚ್ಚುತ್ತದೆ. ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿಕೊಳ್ಳಿ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂರುತ್ತಿದ್ದರೆ ಅವರದ್ದನ್ನೂ ನೋಡಿ.